ಮೂರನೇ ವ್ಯಾನಿನ ಆಯಿಲ್ ಫಿಲ್ಟರ್

ನನ್ನ ಅಕ್ಕನ ಹತ್ತಿರ ಬರುವ ಪ್ರಕರಣಗಳಲ್ಲಿ ತಪ್ಪನ್ನು ಯಾರೂ ಒಪ್ಪಿಕೊಳ್ಳದಿರುವುದೇ ವಾಡಿಕೆ. ಒಂದೇ ತಪ್ಪಿಗೆ ಇಬ್ಬರು ‘ನಾನೇ ಮಾಡಿದ್ದು’ ಎಂದು ಹಟ ಹಿಡಿದದ್ದು ಇದೊಂದರಲ್ಲಿ ಮಾತ್ರ.

ಅಕ್ಕ ಬಸ್ ಡಿಪೋದ ಸ್ಟೋರಿನಲ್ಲಿ ಮೂವತ್ತು ವರ್ಷ ಬಿಡಿಭಾಗಗಳನ್ನು ತಟ್ಟಿ, ತೂಗಿ, ಕೊರೆದು ನೋಡಿ ನಿವೃತ್ತಳಾದವಳು. ಬೀದಿಯವರಿಗೆಲ್ಲ ಅವಳು ಸ್ಟೋರಕ್ಕ. ಕಳುವಾದ ಸೈಕಲ್ಲಿನಿಂದ ಹಿಡಿದು ಕಾಣೆಯಾದ ಉಯಿಲಿನವರೆಗೆ ಎಲ್ಲವೂ ನಮ್ಮ ಊಟದ ಮೇಜಿಗೆ ಬರುತ್ತವೆ. ನಾನು ಅವಳ ತಮ್ಮ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಪತ್ತೆ ಮಾಡುವವಳು ಅವಳು, ಬರೆದಿಡುವವನು ನಾನು. ಮಧ್ಯೆ ಬೈಸಿಕೊಳ್ಳುವ ಕೆಲಸವೂ ನನ್ನದೇ.

ಆ ಬೆಳಿಗ್ಗೆ ಬಂದವಳು ಬೀದಿ ತುದಿಯ ಗ್ಯಾರೇಜಿನ ಮೆಕ್ಯಾನಿಕ್‌ನ ಹೆಂಡತಿ. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಅಕ್ಕಾ, ಸಂಘದ ಮೂರನೇ ವ್ಯಾನು ಸೇತುವೆ ಮೇಲೆ ನಿಂತುಹೋದದ್ದು ಕೇಳಿರ್ತೀರಿ. ಒಳಗೆ ಡಯಾಲಿಸಿಸ್‌ಗೆ ಹೊರಟ ಮೂರು ಜನ ಇದ್ರು.”

ಕೇಳಿದ್ದೆವು. ಮೂತ್ರಪಿಂಡದ ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ಯಲು ಆ ಸಂಘ ಮೂರು ವ್ಯಾನುಗಳನ್ನು ಓಡಿಸುತ್ತಿತ್ತು. ಹಿಂದೆ ಬಂದ ಲಾರಿಯವನು ಮೂವರನ್ನೂ ಹತ್ತಿಸಿಕೊಂಡದ್ದರಿಂದ ಬದುಕಿದರು. ಎಂಜಿನ್ ಮಾತ್ರ ಒಳಗೇ ಕಚ್ಚಿಕೊಂಡು ಹೋಗಿತ್ತು. ಬಿಚ್ಚಿ ನೋಡಿದರೆ ಆಯಿಲ್ ಫಿಲ್ಟರ್ ನಕಲಿ.

“ಹತ್ತು ದಿನದ ಹಿಂದೆ ಹೊಸದು ಹಾಕಿದ್ದು ನಮ್ಮ ಗ್ಯಾರೇಜಲ್ಲೇ. ಇವ್ರು ಹೇಳ್ತಾರೆ, ನಕಲಿ ಹಾಕಿದ್ದು ನಾನೇ ಅಂತ. ನನ್ನ ತಮ್ಮ ಹೇಳ್ತಾನೆ, ಇಲ್ಲ, ನಾನೇ ಅಂತ. ಸಂಘದ ಮೇಲ್ವಿಚಾರಕರು ಇಬ್ಬರ ಮೇಲೂ ದೂರು ಬರೆದಿದಾರೆ, ಸಂಜೆ ನಾಲ್ಕಕ್ಕೆ ಸಂಘದಲ್ಲಿ ಸಭೆ. ಇಬ್ಬರಲ್ಲಿ ಒಬ್ಬರನ್ನ ಪೊಲೀಸರಿಗೆ ಕೊಡ್ತಾರಂತೆ. ಯಾರನ್ನ ಕೊಟ್ಟರೂ ನನ್ನ ಮನೆಯವರನ್ನೇ ತಾನೇ?”

“ಇಬ್ಬರೂ ಸುಳ್ಳು ಹೇಳ್ತಿರಬಹುದಲ್ಲಮ್ಮ,” ಎಂದಳು ಅಕ್ಕ. ಆಗಲೇ ಅವಳ ಕಾಲು ಚಪ್ಪಲಿಯಲ್ಲಿತ್ತು.

ಗ್ಯಾರೇಜಿನಲ್ಲಿ ಗಂಡ ಒಂದು ಮೂಲೆಯಲ್ಲಿ, ಭಾವಮೈದುನ ಇನ್ನೊಂದು ಮೂಲೆಯಲ್ಲಿ ಮುಖ ತಿರುಗಿಸಿ ನಿಂತಿದ್ದರು. ಎತ್ತಿಟ್ಟ ಕಾರೊಂದರ ಕೆಳಗೆ ಬಾಣಲಿಗೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ಮೆಕ್ಯಾನಿಕ್ ವ್ಯಾನಿನಿಂದ ಬಿಚ್ಚಿದ ಫಿಲ್ಟರನ್ನು ಬೆಂಚಿನ ಮೇಲಿಟ್ಟ. ಹೊರಗಿನಿಂದ ನೋಡಿದರೆ ನೀಲಿ ಬಣ್ಣ, ಕಂಪನಿಯ ಗುರುತು, ಎಲ್ಲ ಸರಿ. ನನ್ನ ಹಳೇ ಕಾರಿಗೆ ನಾನು ಫಿಲ್ಟರ್ ಆರಿಸುವುದೂ ಬಣ್ಣ ನೋಡಿಯೇ. ಅದನ್ನು ಬಾಯಿಬಿಟ್ಟು ಹೇಳಿದ್ದು ತಪ್ಪಾಯಿತು.

“ಬಣ್ಣ ನೋಡಿ ಆರಿಸೋಕೆ ಇದೇನು ಪರದೆ ಬಟ್ಟೆಯಾ?” ಅಕ್ಕ ಫಿಲ್ಟರಿನ ಕತ್ತನ್ನು ಕಟರಿನಿಂದ ಕೊರೆದು ಹೊಟ್ಟೆಯೊಳಗಿನದನ್ನು ಹೊರಗೆಳೆದಳು. ಪಕ್ಕಕ್ಕೆ ಇನ್ನೊಂದು ಕಾರಿನ ಒಳ್ಳೆಯ ಫಿಲ್ಟರನ್ನೂ ಕೊರೆದಿಟ್ಟಳು. “ಕೈಯಲ್ಲಿ ಹಿಡಿದು ನೋಡು, ಒಳ್ಳೇದಕ್ಕೆ ತೂಕ ಇರತ್ತೆ. ಕಾಗದದ ಮಡಿಕೆ ನೋಡು, ಒತ್ತೊತ್ತಾಗಿ, ಒಂದೇ ಸಮ. ಮಡಿಕೆ ಜಾಸ್ತಿ ಇದ್ದಷ್ಟೂ ಕೊಳೆ ಹಿಡಿಯೋ ಜಾಗ ಜಾಸ್ತಿ. ಎರಡೂ ತುದಿ ಬಿಗಿಯಾಗಿ ಅಂಟಿರಬೇಕು. ಒಳಗೆ ಈ ರಬ್ಬರಿನ ಪದರ ಇದೆಯಲ್ಲ, ಎಂಜಿನ್ ಆರಿಸಿದ ಮೇಲೆ ಎಣ್ಣೆ ವಾಪಸ್ ಇಳಿದುಹೋಗದ ಹಾಗೆ ತಡೆಯೋದು ಇದೇ.”

ನಕಲಿಯಲ್ಲಿ ಆ ಪದರವೇ ಇರಲಿಲ್ಲ. ಮಡಿಕೆಗಳು ಬೆರಳಲ್ಲಿ ಎಣಿಸುವಷ್ಟೇ ಇದ್ದವು, ತುದಿಗೆ ಬರೀ ರಟ್ಟು. ಕಾಗದ ನೆನೆದು ಹರಿದು, ಅದರ ಚೂರುಗಳು ಎಣ್ಣೆಯ ದಾರಿಗೆ ಅಡ್ಡ ಕೂತಿದ್ದವು.

“ಹತ್ತು ದಿನದಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಕಟಕಟ ಶಬ್ದ ಬರ್ತಿತ್ತು ಅಂತ ಡ್ರೈವರ್ ಹೇಳಿದಾನೆ,” ಎಂದ ಮೆಕ್ಯಾನಿಕ್. “ತಪ್ಪು ನಂದೇ, ಅಕ್ಕ. ಬರ್ಕೊಳ್ಳಿ.”

“ನೀನು ಆಗ ಇನ್ನೊಂದು ಕಾರಿನ ಕೆಳಗೆ ಮಲಗಿದ್ದೆಯಲ್ಲ ಭಾವ!” ಭಾವಮೈದುನ ಸಿಡಿದ. “ಸಂಘದ ಆಫೀಸಿಂದ ಫಿಲ್ಟರಿನ ಡಬ್ಬ ತಂದದ್ದು ನಾನು. ಬಿಚ್ಚಿ ಹಾಕಿದ್ದೂ ನಾನು. ನಾನೇ ನೋಡ್ಕೊಳ್ಳಲಿಲ್ಲ.”

“ಎಷ್ಟು ಹೊತ್ತಿಗೆ ತಂದೆ?” ಅಕ್ಕ ಕೇಳಿದಳು.

“ಹನ್ನೊಂದಕ್ಕೆ ಇಸ್ಕೊಂಡೆ. ಇಲ್ಲಿಗೆ ಬಂದಾಗ ಒಂದಾಗಿತ್ತು.”

ಸಂಘದ ಆಫೀಸು ಅಲ್ಲಿಂದ ಹತ್ತು ನಿಮಿಷದ ದಾರಿ. ಮೆಕ್ಯಾನಿಕ್ ನೆಲ ನೋಡಿದ. ಅವನ ಹೆಂಡತಿ ಸೆರಗನ್ನು ಬಾಯಿಗೊತ್ತಿಕೊಂಡಳು. ಅಕ್ಕ ಹುಡುಗನ ಭುಜ ಹಿಡಿದು ಹೊರಗೆ ಕರೆದೊಯ್ದಳು. ಐದು ನಿಮಿಷದ ಮೇಲೆ ವಾಪಸಾದಾಗ ಅವಳ ತುಟಿಯಂಚಿನಲ್ಲಿ ನಗುವಿತ್ತು, ಅವನ ಕಿವಿ ಕೆಂಪಾಗಿತ್ತು.

“ಡಬ್ಬ ಎಲ್ಲಿ?”

ಹೊಸ ಫಿಲ್ಟರಿನ ರಟ್ಟಿನ ಡಬ್ಬದಲ್ಲೇ ಹಳೆಯ ಫಿಲ್ಟರನ್ನು ಹಾಕಿ ಆಫೀಸಿಗೆ ಒಪ್ಪಿಸಬೇಕೆಂಬುದು ಸಂಘದ ಮೇಲ್ವಿಚಾರಕರ ಕಟ್ಟಪ್ಪಣೆ. ಬದಲಾಯಿಸಿದ್ದಕ್ಕೆ ಅದೇ ಸಾಕ್ಷಿ.

“ಈ ಸಲ ಡಬ್ಬ ವಾಪಸ್ ಕೊಡಲಿಲ್ಲ,” ಎಂದ ಭಾವಮೈದುನ. “ಹೊಸ ಫಿಲ್ಟರ್ ಹೊರಗೆ ತೆಗೆಯುವಾಗಲೇ ತಳ ಕಳಚಿ ಕೈಗೆ ಬಂತು. ಹಳೇದನ್ನ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟೆ. ಅದಕ್ಕೂ ಮೇಲ್ವಿಚಾರಕರು ಕೂಗಾಡಿದ್ರು.”

ಡಬ್ಬವನ್ನು ಚಪ್ಪಟೆ ಮಾಡಿ ಕಿಟಕಿಯ ಒಡೆದ ಗಾಜಿನ ಸಂದಿಗೆ ತುರುಕಿದ್ದರು. ಅಕ್ಕ ಅದನ್ನು ಬಿಡಿಸಿದಳು. ಒಳಗೆ, ತಳದಲ್ಲಿ, ಬಳೆಯಷ್ಟು ಅಗಲದ ಕಪ್ಪು ಕಲೆ.

“ಗ್ಯಾರೇಜಲ್ಲಿ ಎಣ್ಣೆ ಕಲೆ ಇಲ್ಲದ ವಸ್ತು ಯಾವುದಿದೆ ಅಕ್ಕ?” ಎಂದೆ.

“ಹೊರಗಡೆ ಒಂದು ಬೆರಳಿನ ಗುರುತೂ ಇಲ್ಲವಲ್ಲೋ ಮಹಾರಾಯ,” ಎಂದಳು. ಆಮೇಲೆ ಮೆಕ್ಯಾನಿಕ್‌ನನ್ನು ಕೇಳಿದಳು: “ಈ ಅಳತೆಯ ಡಬ್ಬ ನಿಮ್ಮಲ್ಲಿ ಇನ್ನೂ ಇವೆಯಾ?”

“ಇಲ್ಲಕ್ಕ. ಇದು ಆ ವ್ಯಾನುಗಳಿಗೆ ಮಾತ್ರ ಬರೋದು. ಎಲ್ಲ ಆಫೀಸಿಗೇ ವಾಪಸ್ ಹೋಗ್ತವೆ.”

ಅಲ್ಲಿಂದ ಸಂಘದ ಆಫೀಸಿಗೆ ಹೋದೆವು. ಮೇಲ್ವಿಚಾರಕರು ಇಸ್ತ್ರಿ ಕೆಡದ ಮನುಷ್ಯರು. ಮೇಜಿನ ಮೇಲಿನ ಪೆನ್ನುಗಳು ಕೂಡ ಸಾಲಾಗಿ ನಿಂತಿದ್ದವು. ಸ್ಟೋರಿನವಳೆಂದು ತಿಳಿದದ್ದೇ ಅಕ್ಕನಿಗೆ ಅಭಿಮಾನದಿಂದ ಕಪಾಟು ತೆರೆದು ತೋರಿಸಿದರು.

“ಹನ್ನೊಂದು ವರ್ಷದಲ್ಲಿ ಒಂದು ದಿನವೂ ಫಿಲ್ಟರ್ ಇಲ್ಲ ಅಂತ ವ್ಯಾನ್ ನಿಂತಿಲ್ಲ. ನೋಡಿ, ಇನ್ನೂ ಎರಡು ಹೊಸವು ಇವೆ. ಎಲ್ಲ ನಾನೇ ಹೋಗಿ ತರೋದು.”

“ಹಳೇ ಡಬ್ಬ ಏನ್ಮಾಡ್ತೀರಿ?”

“ಹಳೇ ಫಿಲ್ಟರ್ ಗುಜರಿಗೆ, ಡಬ್ಬ ಈ ಕಪಾಟಿಗೆ. ಬೀಗದ ಕೈ ನನ್ನ ಹತ್ರ ಮಾತ್ರ. ಒಂದು ಡಬ್ಬವೂ ಹೊಸಿಲು ದಾಟಿಲ್ಲ.”

ನಾಲ್ಕು ಗಂಟೆಗೆ ಎಲ್ಲರೂ ಅದೇ ಕೋಣೆಯಲ್ಲಿ ಸೇರಿದರು. ನಡುವಿನ ಕುರ್ಚಿಯಲ್ಲಿ ಸಂಘದ ಅಧ್ಯಕ್ಷೆ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಗಸು, ಮುಖದಲ್ಲಿ ಸಿಟ್ಟು ಕುದಿಯುತ್ತಿತ್ತು. ಅವರ ಪಕ್ಕದಲ್ಲಿ ಮೇಲ್ವಿಚಾರಕರು. ಗೋಡೆಯ ಬೆಂಚಿನ ಮೇಲೆ ಗಂಡ, ಹೆಂಡತಿ, ತಮ್ಮ.

“ಮೊದಲು ಒಂದು ಮಾತು,” ಎಂದಳು ಅಕ್ಕ, ಬೆಂಚಿನ ಕಡೆ ತಿರುಗಿ. “ತಪ್ಪು ನಿನ್ನ ಗಂಡನದೂ ಅಲ್ಲ, ತಮ್ಮನದೂ ಅಲ್ಲ.”

ಹೆಂಡತಿ ಉದ್ದನೆಯ ಉಸಿರು ಬಿಟ್ಟಳು. ನನ್ನ ಎದೆಯೂ ಹಗುರಾಯಿತು, ಸುಳ್ಳೇಕೆ ಹೇಳಲಿ. ಅಕ್ಕ ಮುಂದುವರಿಸಿದಳು.

“ಈ ಡಬ್ಬದ ತಳದಲ್ಲಿ ಕಪ್ಪು ಎಣ್ಣೆ ಇದೆ. ಹೊಸ ಫಿಲ್ಟರ್ ಒಣಗಿರತ್ತೆ. ಕಪ್ಪು ಎಣ್ಣೆ ತೊಟ್ಟಿಕ್ಕೋದು ಬಳಸಿದ ಫಿಲ್ಟರಿಂದ ಮಾತ್ರ. ಆದರೆ ಆ ದಿನ ಹಳೇ ಫಿಲ್ಟರ್ ಬಂದದ್ದು ಪ್ಲಾಸ್ಟಿಕ್ ಚೀಲದಲ್ಲಿ, ಅದನ್ನ ನೋಡಿ ಇವರೇ ಕೂಗಾಡಿದಾರೆ. ಅಂದಮೇಲೆ ಈ ಡಬ್ಬದಲ್ಲಿ ಹಳೇದೊಂದು ಇದ್ದದ್ದು ಅದಕ್ಕೂ ಮುಂಚೆ. ಎಣ್ಣೆ ಕುಡಿದು ಕುಡಿದು ತಳದ ಅಂಟು ಸಡಿಲ ಆಗಿತ್ತು. ಅದಕ್ಕೇ ಕಳಚಿದ್ದು.”

“ದಾರೀಲಿ ಆ ಹುಡುಗ ಬದಲಾಯಿಸಿರಬಹುದಲ್ಲ?” ಎಂದರು ಅಧ್ಯಕ್ಷೆ. “ಎರಡು ಗಂಟೆ ಎಲ್ಲಿದ್ದ?”

“ದೊಡ್ಡ ಗಾಡಿಯ ಲೈಸೆನ್ಸ್ ಪರೀಕ್ಷೆಗೆ ಹೋಗಿದ್ದ. ಮೂರನೇ ಸಲ ಫೇಲು. ಅಕ್ಕ-ಭಾವನಿಗೆ ಹೇಳೋಕೆ ನಾಚಿಕೆ. ಹೆಸರು, ಆ ದಿನದ ತಾರೀಖು ಬರೆದ ಪರೀಕ್ಷೆಯ ಚೀಟಿ ಜೇಬಲ್ಲೇ ಇದೆ. ಅದೂ ಇರಲಿ, ಬದಲಾಯಿಸಬೇಕಿದ್ದರೆ ಕೈಯಲ್ಲಿದ್ದ ಹೊಸ ಡಬ್ಬವೇ ಸಾಕಿತ್ತಲ್ಲ, ಎಣ್ಣೆ ಕುಡಿದ ಡಬ್ಬ ಯಾಕೆ ಬೇಕಿತ್ತು? ಅಂಥ ಡಬ್ಬ ಇರೋದು ಲೋಕದಲ್ಲಿ ಒಂದೇ ಕಡೆ. ಬೀಗದ ಕೈ ಒಬ್ಬರ ಹತ್ರ. ಒಂದೂ ಹೊಸಿಲು ದಾಟಿಲ್ಲ ಅಂತ ಅವರೇ ಹೇಳಿದಾರೆ.”

ಎಲ್ಲರೂ ಮೇಲ್ವಿಚಾರಕರನ್ನು ನೋಡಿದರು. ಅಕ್ಕ ಕಪಾಟಿನ ಎರಡು ಹೊಸ ಡಬ್ಬಗಳನ್ನು ಕೇಳಿದಳು. ಅವರು ಕೈ ಚಾಚಲಿಲ್ಲ, ಅಧ್ಯಕ್ಷೆಯೇ ತೆಗೆದುಕೊಟ್ಟರು. ಎರಡರ ತಳದಲ್ಲೂ ಅದೇ ಕಪ್ಪು ಕಲೆ. ಒಳಗೆ ಹಗುರವಾದ ಹೊಸ ಫಿಲ್ಟರುಗಳು.

“ಹೊಸ ಸ್ಟಾಕ್ ತರೋದು ಮರೆತಿದ್ದೆ,” ಎಂದರು ಮೇಲ್ವಿಚಾರಕರು ಕೊನೆಗೆ. “ಹನ್ನೊಂದು ವರ್ಷದಲ್ಲಿ ಮೊದಲ ಸಲ. ಕಂಪನಿ ಮಾಲು ಬರೋಕೆ ವಾರ ಆಗತ್ತೆ ಅಂದ್ರು. ದಾರಿಬದಿ ಅಂಗಡಿಯಲ್ಲಿ ಅದೇ ಥರ ಕಾಣೋದು ಮೂರು ಸಿಕ್ಕವು. ಹೊರಗಿನಿಂದ ಒಂದೇ ಥರ ಇದ್ದವು ಮೇಡಂ. ಮರೆತದ್ದು ಯಾರಿಗೂ ಗೊತ್ತಾಗಬಾರದು ಅಂತ ಹಳೇ ಡಬ್ಬದಲ್ಲಿ ಹಾಕಿಟ್ಟೆ. ವ್ಯಾನ್ ನಿಂತ ಮೇಲೆ ನಿಜ ಹೇಳೋಕೆ ಬಾಯಿ ಬರಲಿಲ್ಲ.”

“ಇವರಿಬ್ಬರ ಮೇಲೆ ದೂರು ಬರೆಯೋಕೆ ಕೈ ಬಂತಲ್ಲ!” ಅಧ್ಯಕ್ಷೆ ಎದ್ದು ನಿಂತರು. ಆ ಕಪಾಟಿನ ಬೀಗದ ಕೈಯನ್ನು ಅಲ್ಲೇ ಇಸಿದುಕೊಂಡರು. ಗ್ಯಾರೇಜಿನ ಕೆಲಸ ಗ್ಯಾರೇಜಿಗೇ ಉಳಿಯಿತು, ಇನ್ನು ಮುಂದೆ ಫಿಲ್ಟರ್ ಆರಿಸುವುದೂ ಮೆಕ್ಯಾನಿಕ್‌ನೇ ಎಂದಾಯಿತು.

ಮೆಕ್ಯಾನಿಕ್ ಭಾವಮೈದುನನ ಕಡೆ ತಿರುಗಿದ. “ನೀನೇ ಏನೋ ಮಾಡಿದೀಯ ಅಂತ ಅಂದ್ಕೊಂಡೆ ಕಣೋ. ಅದಕ್ಕೇ ನಾನು ಅಂದೆ.”

“ನನಗೆ ಗೊತ್ತಾಗಿತ್ತು ಭಾವ. ಅದಕ್ಕೇ ಇನ್ನೂ ಜೋರಾಗಿ ನಾನು ಅಂದೆ.”

ಇಬ್ಬರೂ ಒಟ್ಟಿಗೆ ಬೆಂಚಿನ ಮೇಲೆ ನಡುವೆ ಕೂತವಳನ್ನು ನೋಡಿದರು. ನಾವೂ ಆಗಲೇ ನೋಡಿದ್ದು. ಅವಳು ಗೋಡೆಗೆ ತಲೆಯಾನಿಸಿ, ಬಾಯಿ ಅರ್ಧ ತೆರೆದು, ಗಾಢ ನಿದ್ದೆಯಲ್ಲಿದ್ದಳು. ಅಕ್ಕನ ಮೊದಲ ಮಾತು ಕಿವಿಗೆ ಬಿದ್ದಾಗಲೇ ಮಲಗಿರಬೇಕು. ಡಬ್ಬ, ಎಣ್ಣೆ, ಕಪಾಟು, ಅಕ್ಕನ ಅಷ್ಟು ಚಂದದ ವಿವರಣೆಯಲ್ಲಿ ಒಂದಕ್ಷರವನ್ನೂ ಅವಳು ಕೇಳಿರಲಿಲ್ಲ. ಅಕ್ಕ ಬೆರಳನ್ನು ತುಟಿಗಿಟ್ಟಳು. ಅಧ್ಯಕ್ಷೆಯೂ ಉಳಿದ ಬೈಗುಳವನ್ನು ಪಿಸುಮಾತಿನಲ್ಲೇ ಮುಗಿಸಿದರು.

ಅರ್ಧ ಗಂಟೆಯ ಮೇಲೆ ತಮ್ಮ ಮೆಲ್ಲಗೆ ತೋಳು ಮುಟ್ಟಿದಾಗ ಕಣ್ಣು ಬಿಟ್ಟಳು.

“ಅಕ್ಕಾ, ಯಾರು ಮಾಡಿದ್ದು ಅಂತ ಗೊತ್ತಾ?” ಎಂದ ಅವನು ಉತ್ಸಾಹದಿಂದ.

“ನೀವಿಬ್ಬರೂ ಅಲ್ಲ ತಾನೇ?” ಅವಳು ಎದ್ದು ಸೀರೆ ಕೊಡವಿಕೊಂಡಳು. “ಇನ್ಯಾರಾದ್ರೆ ನನಗೇನು, ನಡೀರಿ ಮನೆಗೆ.”