ಎರಡನೇ ಕೂಗು

2003ರ ಫೆಬ್ರವರಿ. ವಸ್ತಾರೆ ಹತ್ತಿರದ ವೃದ್ಧಾಶ್ರಮದಲ್ಲಿದ್ದ ಅಪ್ಪನಿಗೆ ಸೀತಾಳೆ ಸಿಡುಬು ಎದ್ದು, ಹಿಂದಿನ ಕೋಣೆಯಲ್ಲಿ ಒಬ್ಬರನ್ನೇ ಇಟ್ಟರು. ಮಗಳಾದ ನನ್ನನ್ನೂ ಒಳಗೆ ಬಿಡಲಿಲ್ಲ. ಗಂಜಿಯನ್ನೂ ಮುಟ್ಟುತ್ತಿಲ್ಲ ಎಂದರು.

ಅಪ್ಪ ಅಲ್ಲೇ ಪಕ್ಕದ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದವರು. ಸಂಜೆ ಕೆಲಸ ಬಿಟ್ಟಾಗ ಕೂ ಹಾಕಿ, ತೋಟದ ಮೂಲೆಮೂಲೆಯಿಂದ ಎಲ್ಲರ ಕೂಗೂ ಬಂದ ಮೇಲೆಯೇ ಮನೆಗೆ ಹೊರಡುತ್ತಿದ್ದರು. ಹಾಗಾಗಿ ದಿನಾ ನಾಲ್ಕೂವರೆಗೆ ನಾನು ಆಶ್ರಮದ ಬೇಲಿಯ ಹೊರಗೆ ನಿಂತೆ. ಕಿಟಕಿಯಿಂದ ಅವರು ಕೂ ಹಾಕುತ್ತಿದ್ದರು, ನಾನು ಓಗೊಡುತ್ತಿದ್ದೆ. ಆದರೂ ಅವರು ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ.

ನಾಲ್ಕನೇ ದಿನ ನಾನು ಹಿಡಿದಿದ್ದ ಬೇಲಿ ತಂತಿ ಬಿಸಿಲಲ್ಲೇ ತಣ್ಣಗಾಯಿತು. ನನ್ನ ಕೂಗು ಮುಗಿಯುತ್ತಲೇ ಬೆನ್ನ ಹಿಂದಿನಿಂದ ಹೆಂಗಸೊಬ್ಬಳ ಸಣ್ಣ ಕೂಗು ಬಂತು. ಅಪ್ಪ ನಕ್ಕು ಕಿಟಕಿ ಹಾಕಿಕೊಂಡರು. ಅಂದು ಗಂಜಿಯನ್ನು ಎರಡು ಸಲ ಕೇಳಿ ಕುಡಿದರಂತೆ. ಮರುದಿನವೂ ತಂತಿ ತಣ್ಣಗಾಯಿತು, ಕೂಗು ಬಂತು. ನನಗೆ ಹೆದರಿಕೆಗಿಂತ ಸಮಾಧಾನವೇ ಹೆಚ್ಚಾಯಿತು.

ವಾಸಿಯಾದ ಮೇಲೆ ಕೇಳಿದೆ, "ನನ್ ಜೊತೆ ಕೂ ಹಾಕಿದ್ದು ಯಾರಪ್ಪ?"

"ತೋಟದ ಆಳುಗಳಲ್ಲಿ ಒಬ್ಬಳ ಕೂಗು ಮೂವತ್ತು ವರ್ಷದಿಂದ ಬಂದಿರ್ಲಿಲ್ಲ ಮಾರಾಯ್ತಿ. ಈಗ ಬಂತಲ್ಲ, ಸಾಕು."

ನಾನು ನಿಲ್ಲುತ್ತಿದ್ದ ಜಾಗದ ಹಿಂದೆ ತೋಟವೂ ಇಲ್ಲ, ಮನೆಯೂ ಇಲ್ಲ. ಹತ್ತು ಹೆಜ್ಜೆ ಹೋದರೆ ಕೆರೆ.