ಕಚ್ಚಿ ಹಿಡಿಯುವ ಪೆಡಲ್

ನಾನು ನಂದಿಬೆಟ್ಟವನ್ನು ಸೈಕಲ್ಲಿನಲ್ಲಿ ಎಷ್ಟು ಜೋರಾಗಿ ಹತ್ತಿದ್ದೇನೆಂದರೆ, ತುದಿಯಲ್ಲಿ ನಾನು ಕಾಫಿ ಕುಡಿದು ಮುಗಿಸಿದ ಮೇಲೆ ನನ್ನ ನೆರಳು ಏದುಸಿರು ಬಿಡುತ್ತಾ ಬಂದು ಸೇರಿತು. ನಂಬದವರು ಚಾಮರಾಜಪೇಟೆಯಲ್ಲಿ ಯಾರನ್ನು ಬೇಕಾದರೂ ಕೇಳಿ. ಸುಪ್ರಜಾಳನ್ನು ಮಾತ್ರ ಕೇಳಬೇಡಿ.

ಸುಪ್ರಜಾ ಎನ್.ಆರ್. ಕಾಲೋನಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದಾಳೆ. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಜೊತೆಯಾಗಿ ಸೈಕಲ್ ತುಳಿಯುತ್ತೇವೆ. ಅವಳು ತಿರುಗಿ ನೋಡಿ ನಕ್ಕರೆ ಕನಕಪುರ ರಸ್ತೆಯ ಸಿಗ್ನಲ್‌ಗಳೆಲ್ಲ ಒಟ್ಟಿಗೇ ಹಸಿರಾಗುತ್ತವೆ. ಈಚೆಗೆ ಅವಳು ತಿರುಗಿ ನೋಡುವುದು ಜಾಸ್ತಿಯಾಗಿತ್ತು. ನಾನು ಹಿಂದೆ ಬೀಳುತ್ತಿದ್ದೆ. ಎಡಗಾಲು ಪೆಡಲ್ಲಿನಿಂದ ಜಾರುತ್ತಿತ್ತು.

"ಕ್ಲಿಪ್‌ಲೆಸ್ ಕೊಡು," ಎಂದೆ ಒಂದು ಮಧ್ಯಾಹ್ನ ಅವಳ ಅಂಗಡಿಗೆ ಹೋಗಿ. ಶೂ ತಳದ ಲೋಹದ ತುಂಡನ್ನು ಈ ಪೆಡಲ್ ಕಚ್ಚಿ ಹಿಡಿಯುತ್ತದೆ. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಡುತ್ತದೆ. ಕಾಲು ಜಾರುವ ಮಾತೇ ಇಲ್ಲ.

"ಫಸ್ಟ್ ಟೈಮ್ ಎಲ್ರೂ ಸಿಗ್ನಲ್ಲಲ್ಲಿ ಕಾಲು ಬಿಡಿಸ್ಕೊಳ್ಳೋಕಾಗ್ದೆ ಧೊಪ್ಪಂತ ಬೀಳ್ತಾರೆ ಕೈಲಾಸ್."

"ನಾನು ಬಿದ್ರೆ ಗಾಯ ಆಗೋದು ರಸ್ತೆಗೆ."

ಅವಳು ತುಟಿ ಕಚ್ಚಿ ನಗು ತಡೆದಳು. ಕುಂಕುಮ ಇಡುವ ಜಾಗದಲ್ಲಿ ಗ್ರೀಸಿನ ಗೆರೆಯೊಂದಿತ್ತು. ಒರೆಸಲೇ ಎಂದು ಕೇಳಲು ಹೋಗಿ ಸುಮ್ಮನಾದೆ.

ಎರಡು ಜೊತೆ ಶೂ ಇಳಿಸಿದಳು. "ರೋಡ್ ಶೂ ಹಾಕ್ಕೊಂಡು ನಡೆದ್ರೆ ಬಾತುಕೋಳಿ ಥರ ಕಾಣ್ತೀಯ. ನಿಂಗೆ ಮೌಂಟನ್ ಬೈಕಿಂದು ಸಾಕು, ಆರಾಮಾಗಿ ನಡೀಬಹುದು. ಪೆಡಲ್ ಸ್ಪ್ರಿಂಗ್ ಲೂಸ್ ಇಡ್ತೀನಿ, ಬೇಗ ಬಿಡುತ್ತೆ."

ಬೆರಳುದ್ದದ, ಬಾಗಿದ ಅಲೆನ್ ಕೀಯಿಂದ ಲೋಹದ ತುಂಡುಗಳನ್ನು ಶೂ ತಳಕ್ಕೆ ಬಿಗಿದು ಕೊಟ್ಟಳು. ನಾನು ಶೂ ಹಾಕಿಕೊಂಡು, ಸ್ಟ್ಯಾಂಡಿಗೆ ನಿಲ್ಲಿಸಿದ್ದ ಸೈಕಲ್ ಹತ್ತಿ, ಅಂಗಡಿಯೇ ಮೈಸೂರು ತಲುಪುವಂತೆ ತುಳಿದೆ.

"ಹೇಗಿದೆ?"

"ಮಲ್ಲಿಗೆ ಮೇಲೆ ಕಾಲಿಟ್ಟ ಹಾಗೆ."

"ಅಲೆನ್ ಕೀ ಎಲ್ಲೋಯ್ತು? ಈಗ ಇಲ್ಲೇ ಇತ್ತಲ್ಲ..." ಅವಳು ಮೇಜಿನ ಮೇಲೆ, ಕೆಳಗೆ ಹುಡುಕಿದಳು. "ಶೂ ಒಳಗೇನಾದ್ರೂ ಬಿತ್ತಾ? ಬಿಚ್ಚು."

"ಬಿದ್ದಿದ್ರೆ ನಂಗೆ ಗೊತ್ತಾಗಲ್ವಾ?"

ಅವಳೇ ಕೂತು ನನ್ನ ಎಡಗಾಲಿನ ಶೂ ಎಳೆದಳು. ಕೀ ನೆಲಕ್ಕೆ ಬಿತ್ತು. ಕಾಲುಚೀಲದ ತಳ ಕೆಂಪಾಗಿತ್ತು.

"ಇದು ಚುಚ್ಚಲಿಲ್ವಾ?"

"ನಂಗೆ ಚುಚ್ಚಿದ್ರೆ ಸೂಜಿನೇ ಬಾಗುತ್ತೆ ಕಣೇ."

ಅವಳು ನಗಲಿಲ್ಲ. ಕಾಲುಚೀಲ ಬಿಚ್ಚಿ ಗಾಯ ನೋಡಿದಳು. ಆಮೇಲೆ ನನ್ನ ಮುಖವನ್ನೇ ನೋಡಿದಳು.

"ಕಣ್ಣು ಮುಚ್ಚು. ಈಗ ಯಾವ ಬೆರಳು ಹಿಡ್ಕೊಂಡಿದೀನಿ ಹೇಳು."

"ಹೆಬ್ಬೆರಳು. ಇಡೀ ಮೈ ಜುಂ ಅಂತಿದೆ."

ಕಣ್ಣು ಬಿಟ್ಟೆ. ಅವಳ ಎರಡೂ ಕೈಗಳು ಅವಳ ಮಡಿಲಲ್ಲಿದ್ದವು.

"ನಾನು ಮುಟ್ಟೇ ಇಲ್ಲ ಕೈಲಾಸ್."

ಇನ್ನೊಂದು ಸುಳ್ಳು ಹುಡುಕಿದೆ. ಸಿಗಲಿಲ್ಲ.

"ಕಾಲಿನ ನರಗಳು ಸಾಯ್ತಿವೆಯಂತೆ. ಔಷಧಿ ಇಲ್ಲ. ಬಲಗಾಲಲ್ಲೂ ಶುರುವಾಗಿದೆ. ಸೈಕಲ್ ಬಿಟ್ಬಿಡಿ ಅಂದ್ರು ಡಾಕ್ಟ್ರು."

"ಪೆಡಲ್ ಬಿಡ್ತೋ ಇಲ್ವೋ ಅಂತಾನೂ ನಿಂಗೆ ಗೊತ್ತಾಗ್ತಿರ್ಲಿಲ್ಲ. ಬಿದ್ದಾಗ ಹಿಂದೆ ಬಸ್ ಬಂದಿದ್ರೆ? ನನ್ನ ಕೈಯಿಂದ್ಲೇ ಇದನ್ನ ಹಾಕಿಸ್ಕೊಂಡು..." ಅವಳು ಶೂವನ್ನು ದೂರ ತಳ್ಳಿದಳು. "ಯಾಕೋ ಬಂದೆ ಇದನ್ನ ಕೇಳ್ಕೊಂಡು?"

"ಮುಂದೆ ಕೈಲೂ ಸ್ಪರ್ಶ ಹೋಗುತ್ತಂತೆ ಸುಪ್ರಜಾ. ಅಷ್ಟರೊಳಗೆ ಒಂದ್ಸಲ ನಿನ್ನ ಕೈ ಹಿಡೀಬೇಕು ಅಂತಿತ್ತು. ಅದನ್ನ ಕೇಳೋಕೆ ಧೈರ್ಯ ಬರ್ಲಿಲ್ಲ. ಶೂ ಕೇಳ್ದೆ."