ಫಾಲ್ಸಿನಲ್ಲಿ ಕನ್ಯಾ ನೋಡಿದ್ದು

ದುರ್ಗದಬೈಲಿನ ಬಳೆ ಅಂಗಡಿಯ ಗುರುಪಾದ ಅದಕ್ಕೂ ಮೊದಲು ಹನ್ನೊಂದು ಕನ್ಯಾ ನೋಡಿದ್ದ. ಪ್ರತಿ ಮನೆಯಲ್ಲೂ ಉಪ್ಪಿಟ್ಟು ತಿಂದು, ಚಹಾ ಕುಡಿದು, ಏಳುವಾಗ ಒಂದೇ ಮಾತು: "ಮನಿಗೆ ಹೋಗಿ ತಿಳಿಸ್ತೀವ್ರಿ." ಹಾಗೆಂದರೆ ಒಲ್ಲೆ ಎಂದರ್ಥ. ಹುಬ್ಬಳ್ಳಿ-ಧಾರವಾಡದ ಬೇವಿನ ಗಿಡಗಳಿಗೂ ಅದು ಗೊತ್ತು.

ಹನ್ನೆರಡನೆಯವಳು ಕೆಲಗೇರಿಯ ಆರತಿ, ಶಾಲೆಯ ಟೀಚರ್. "ತಾಟು ಹಿಡಕೊಂಡು ನಾ ಮುಂದ ಬಂದು ನಿಂದ್ರಂಗಿಲ್ಲ. ಫಾಲ್ಸಿಗೆ ಬರ್ಲಿ, ಕೂಡಿ ನಡೀತೀವಿ" ಎಂದು ಷರತ್ತು ಹಾಕಿದ್ದಳು.

ಹಾಗಾಗಿ ಎರಡೂ ಮನೆಯವರು ಜಲಪಾತದ ಪಾರ್ಕಿನಲ್ಲಿ ಜಮಖಾನೆ ಹಾಸಿ, ರೊಟ್ಟಿ ಬುತ್ತಿ ಬಿಚ್ಚಿ ಕೂತರು. ಇವರಿಬ್ಬರು ಕಾಡಿನ ಕಾಲುದಾರಿ ಹಿಡಿದರು. ಜಲಪಾತ ತೋರಿಸಿ, ಸುತ್ತು ಹಾಕಿ, ಮತ್ತೆ ಜಮಖಾನೆಗೇ ತಂದು ಬಿಡುವ ಅರ್ಧ ಕಿಲೋಮೀಟರ್.

ನೀರಿನ ಎದುರು ನಿಂತಾಗ ಒಂದು ಹನಿ ಹಾರಿಬಂದು ಆರತಿಯ ಮೂಗಿನ ತುದಿಯ ಮೇಲೆ ಕೂತಿತು. ಗುರುಪಾದ ಅದನ್ನೇ ನೋಡುತ್ತ ನಿಂತ. ಅಷ್ಟರಲ್ಲಿ ಎರಡು ಮಳೆಗಾಲ ಕಳೆದವು ಎಂದು ಆಮೇಲೆ ಹೇಳಿದ.

"ನೋಡಾಕತ್ತಿದ್ದು ಫಾಲ್ಸೇನ್ರಿ, ನನ್ನ ಮೂಗೋ?"

"ಎರಡೂ ಛಲೋ ಅದಾವ್ರಿ."

ಆರತಿ ನಕ್ಕಳು. ಬೇಲಿಯ ಸರಳು ಹಿಡಿದು, ನೀರಿನ ಕಡೆಗೇ ತಿರುಗಿ ಹೇಳಿದಳು. "ಖರೇ ಹೇಳ್ತೇನಿ. ನೀವು ನನ್ನ ಮನಸಿಗೆ ಬಂದೀರಿ. ನಿಮ್ದೇನ್ರಿ?"

ಎದೆ ಆಗಲೇ ಹೂಂ ಅಂದಾಗಿತ್ತು. ಆದರೆ ಹನ್ನೊಂದು ಮನೆ ತಿರುಗಿ ಪಳಗಿದ ಬಾಯಿ ಎದೆಯನ್ನು ಕೇಳಲಿಲ್ಲ.

"ಮನಿಗೆ ಹೋಗಿ ತಿಳಿಸ್ತೀವ್ರಿ."

"ಆತ್ರಿ" ಎಂದವಳೇ ಆರತಿ ಬಿರಬಿರನೆ ಮುಂದೆ ನಡೆದಳು. ಜಮಖಾನೆ ಮುಟ್ಟಿ ಸೋದರತ್ತೆ ಗೌರಕ್ಕನಿಗೆ ಹೇಳಿದಳೆಂದರೆ ಮುಗಿಯಿತು. ಗೌರಕ್ಕನ ಕಿವಿಗೆ ಬಿದ್ದ ಸುದ್ದಿ ಬಸ್ಸಿಗಿಂತ ಮೊದಲು ಧಾರವಾಡ ಸೇರುತ್ತದೆ.

ಗುರುಪಾದ ಬಂದ ದಾರಿಯಲ್ಲೇ ತಿರುಗಿ ಓಡಿದ. ಮಂಗಗಳು ಪಕ್ಕಕ್ಕೆ ಸರಿದು ಸಾಲಾಗಿ ನಿಂತವು. ರೊಟ್ಟಿ ಮುರಿಯುತ್ತಿದ್ದ ತಾಯಿಗೆ, "ಅವ್ವಾ, ಕನ್ಯಾ ಪಸಂದ ಐತಿ" ಎಂದು ಹೇಳಿ, ಆಕೆ ಬಾಯೊಳಗಿನ ತುತ್ತು ನುಂಗುವಷ್ಟರಲ್ಲಿ ದಾರಿಯ ಇನ್ನೊಂದು ತುದಿಯಿಂದ ಕಾಡು ಹೊಕ್ಕ.

ತಿರುವಿನಲ್ಲಿ ಆರತಿ ಎದುರಾದಳು. ಕಣ್ಣು ಕೆಂಪಗಿದ್ದವು.

"ಹೋಗಿ ಬಂದ್ನಿರಿ" ಎಂದ ಏದುಸಿರಿನಲ್ಲಿ. "ನಮ್ಮ ಮನಿ ಜಮಖಾನಿ ಮ್ಯಾಲ ಕುಂತಿತ್ತು. ತಿಳಿಸಾಕ ಬಂದೇನಿ. ನೀವ ಬೇಕ್ರಿ ನನಗ."

"ಮತ್ತ ಆವಾಗ ಅಂದದ್ದು?"

"ಬಾಯಿಗೆ ರೂಢಿ ಬಿದ್ದೈತ್ರಿ."

"ಇನ್ನ ಎಷ್ಟು ಮನಿಗೆ ಹೋಗೋ ವಿಚಾರ ಐತಿ?"

"ಒಂದ ಮನಿಗ್ರಿ. ಕೆಲಗೇರಿಗೆ. ಅಳಿಯಾ ಆಗಿ."

ಆರತಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಕೂದಲಲ್ಲಿ ಸಿಕ್ಕಿದ್ದ ಒಣ ಎಲೆ ತೆಗೆದಳು. ಆಮೇಲೆ ಕೈ ಚಾಚಿದಳು.

"ಹಿಡೀರಿ. ಇಲ್ಲಿ ಭಾಳ ಜಾರತೈತಿ."

ದಾರಿ ಅಲ್ಲಿ ಹಪ್ಪಳ ಹರವುವಷ್ಟು ಒಣಗಿತ್ತು. ಗುರುಪಾದ "ಹೌದ್ರಿ, ಭಾಳ ಜಾರತೈತಿ" ಎಂದು ಕೈ ಹಿಡಿದುಕೊಂಡ.